ಮಾವನವರ ಟೆನಿಸ್ ಭವಿಷ್ಯ

ನನ್ನ ಮಾವನವರು ಜೀವಮಾನದಲ್ಲಿ ಒಂದು ಸಲವೂ ಟೆನಿಸ್ ಬ್ಯಾಟು ಹಿಡಿದವರಲ್ಲ. ಹಿಡಿಯುವ ಅಗತ್ಯವೂ ಅವರಿಗೆ ಕಾಣಲಿಲ್ಲ. ಆಡುವವರು ಬೇರೆ, ಆಟ ತಿಳಿದವರು ಬೇರೆ ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ಹುಮನಾಬಾದಿನಲ್ಲಿ ಆಟ ತಿಳಿದವರು ಯಾರು ಎಂದು ಯಾರಾದರೂ ಕೇಳಿದರೆ ವಿನಯದಿಂದ ಸುಮ್ಮನಿರುತ್ತಿದ್ದರು, ಕೇಳಿದವರು ತಾವಾಗಿಯೇ ಅವರ ಹೆಸರು ಹೇಳುವವರೆಗೆ.

ಅವರು ವಕೀಲರು. ನಾನು ಕಲ್ಯಾಣಿಯಿಂದ, ಅಂದರೆ ಈಗ ಬಸವಕಲ್ಯಾಣ ಅನ್ನುವ ಊರಿನಿಂದ, ಅವರ ಮನೆಗೆ ಸೊಸೆಯಾಗಿ ಬಂದದ್ದು ನಲವತ್ತೆಂಟರ ಆರಂಭದಲ್ಲಿ. ಆ ವರ್ಷ ದಾರಿಗಳು ಸರಿ ಇರಲಿಲ್ಲ. ಹೊತ್ತು ಮುಳುಗುವ ಮೊದಲೇ ಮನೆಮನೆಯ ಬಾಗಿಲಿಗೂ ಅಗಳಿ ಬೀಳುತ್ತಿತ್ತು. ಶ್ರಾವಣ ಬಂದರೂ ಯಾರೂ ಮಗಳನ್ನು ಪಂಚಮಿಗೆ ಕರೆಯಲಿಲ್ಲ. ಕರೆದಿದ್ದರೂ ಯಾರೂ ಕಳಿಸುತ್ತಿರಲಿಲ್ಲ. ಆಮೇಲೆ ನಿಜಾಮರ ಆಳಿಕೆ ಹೋಗಿ ಹಿಂದುಸ್ತಾನದ ಸರ್ಕಾರ ಬಂತು. ನಮ್ಮ ಎರಡೂ ಊರುಗಳಲ್ಲಿ ಎಲ್ಲ ಜಾತಿಯವರೂ ಆ ವರ್ಷ ಯಾರನ್ನಾದರೂ ಕಳೆದುಕೊಂಡಿದ್ದರು. ಅದರ ಬಗ್ಗೆ ನನಗೆ ತಮಾಷೆ ಮಾಡಲು ಬರುವುದಿಲ್ಲ. ಅದರ ನಂತರ ನಡೆದದ್ದರ ಬಗ್ಗೆ ಬರುತ್ತದೆ.

ನಂತರ ನಡೆದದ್ದು ಇಷ್ಟು. ಉರ್ದು ಬಲ್ಲ ಮುನ್ಸೀಫರು ಹೋಗಿ, ಮುಂಬಯಿ ಕಡೆಯಿಂದ ಇಂಗ್ಲಿಷು, ಮರಾಠಿ ಬಲ್ಲ ಮುನ್ಸೀಫರು ಬಂದರು. ಮೂವತ್ತು ವರ್ಷ ಉರ್ದುವಿನಲ್ಲಿ ವಾದಿಸಿ ಗೆದ್ದ ಮಾವನವರು ಹೊಸ ಕಚೇರಿಯಲ್ಲಿ ನಿಂತರೆ, ಅವರ ಅರ್ಧ ಮಾತು ಮೇಲೆ ಕೂತವರಿಗೆ ತಿಳಿಯುತ್ತಿರಲಿಲ್ಲ. ಉಳಿದರ್ಧವನ್ನು ಅವರು ಕೇಳುತ್ತಿರಲಿಲ್ಲ. ಹೀಗಾಗಿ ಮಾವನವರಿಗೆ ಮೊದಲು ಸಂಜೆ ಬಿಡುವಾಯಿತು, ಆಮೇಲೆ ಮಧ್ಯಾಹ್ನ, ಕೊನೆಗೆ ಬೆಳಗೂ ಬಿಡುವಾಯಿತು. ಇಷ್ಟು ಬಿಡುವು ಇರುವ ಗಂಡಸು ಮನೆಯಲ್ಲಿದ್ದರೆ ಅವನಿಗೆ ಒಂದು ವಿಷಯ ಬೇಕಾಗುತ್ತದೆ. ದೇವರ ದಯದಿಂದ ಅದೇ ಹೊತ್ತಿಗೆ ಟೆನಿಸ್ ಬಂತು.

ತಹಸೀಲ ಕಚೇರಿಯ ಹಿಂದೆ ನಿಜಾಮರ ಅಧಿಕಾರಿಗಳ ಕಾಲದ ಒಂದು ಟೆನಿಸ್ ಅಂಗಳವಿತ್ತು. ಅದರಲ್ಲಿ ಹುಲ್ಲು ಬೆಳೆದು ಆಡು ಮೇಯುತ್ತಿದ್ದವು. ಹೊಸ ತಹಸೀಲ್ದಾರರು ಹುಲ್ಲು ತೆಗೆಸಿ, ಮುರುಮು ಹಾಕಿಸಿ, ರೋಲರ್ ಹೊಡೆಸಿ, ಸೋಲಾಪುರದಿಂದ ಒಬ್ಬ ಮಾರ್ಕರನನ್ನು ಕರೆತಂದರು. ಮಾರ್ಕರ್ ಅಂದರೆ ಸಂಬಳಕ್ಕೆ ಆಡುವವನು. ಸಾಹೇಬರಿಗೆ ಆಟ ಕಲಿಸುವುದು, ಅವರ ಜೊತೆ ಆಡುವುದು ಅವನ ಕೆಲಸ. ಆಡಿ ಸೋಲುವುದೂ ಆ ಸಂಬಳದಲ್ಲೇ ಸೇರಿತ್ತು. ಕಲ್ಯಾಣಿಯ ಕ್ಲಬ್ಬಿನಲ್ಲೂ ಅಂಥವನೊಬ್ಬನಿದ್ದ. ಜಾಗೀರುದಾರರ ಕಾಲದಿಂದ ಇದ್ದವನು, ಐವತ್ತರ ಹತ್ತಿರದವನು, ಬರಿಗಾಲಲ್ಲಿ ಆಡುವವನು.

ತಿಂಗಳಿಗೊಂದು ಭಾನುವಾರ ಈ ಇಬ್ಬರು ಮಾರ್ಕರರ ನಡುವೆ ಪಂದ್ಯ ಇಡುತ್ತಿದ್ದರು, ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ. ಯಾರಿಗೂ ಸೋಲಬೇಕಾದ ಹಂಗಿಲ್ಲದ ಆಟ ಎರಡೂ ಊರುಗಳಲ್ಲಿ ಅದೊಂದೇ. ಕ್ಲಬ್ಬಿನ ಗೋಡೆಯ ಮೇಲೆ ಜೂಜು ನಿಷಿದ್ಧ ಎಂದು ಬರೆದಿದ್ದರು. ಆದ್ದರಿಂದ ಎಲ್ಲರೂ ಬೇಲಿಯ ಆಚೆ ನಿಂತು ಶರ್ತು ಕಟ್ಟುತ್ತಿದ್ದರು. ರುಮಾಲು, ಮಾವಿನ ಬುಟ್ಟಿ, ಒಂದು ವಾರದ ಚಹಾ, ಹೀಗೆ. ಹುಡಗಿ ಎಂಬ ಹಳ್ಳಿಯ ಒಬ್ಬ ರೈತರು ಒಮ್ಮೆ ಹೋತವನ್ನೇ ಕರೆತಂದಿದ್ದರು. ಅವರು ಗೆದ್ದರೋ ಸೋತರೋ ನೆನಪಿಲ್ಲ. ಆ ಹೋತ ಮಾತ್ರ ಆಟದ ನಡುವೆ ಅಂಗಳಕ್ಕೆ ನುಗ್ಗಿ, ಹುಲ್ಲು ಎಲ್ಲಿ ಹೋಯಿತೆಂದು ಹುಡುಕಿತು.

ಶರ್ತು ಕಟ್ಟುವವರಿಗೆ ಸಲಹೆ ಬೇಕು. ಸಲಹೆ ನಮ್ಮ ಕಟ್ಟೆಯ ಮೇಲೆ ಸಿಗುತ್ತಿತ್ತು. ಶನಿವಾರ ಬೆಳಿಗ್ಗೆ ಮಾವನವರು ಸ್ನಾನ ಪೂಜೆ ಮುಗಿಸಿ, ಶೇರವಾನಿ ಹಾಕಿಕೊಂಡು ಹೊರಗೆ ಬಂದು ಕೂಡುತ್ತಿದ್ದರು. ಪಕ್ಕದ ಮನೆಯ ಬೇಳೆ ವ್ಯಾಪಾರಿ, ಪೋಸ್ಟಿನವರು, ಚಹಾದಂಗಡಿಯವನು, ಬೇರೆ ವಕೀಲರನ್ನು ಹುಡುಕಿಕೊಳ್ಳಲು ಇನ್ನೂ ಮನಸ್ಸಾಗದ ಒಬ್ಬಿಬ್ಬರು ಕಕ್ಷಿಗಾರರು, ಎಲ್ಲ ಸೇರುತ್ತಿದ್ದರು. ಮಾವನವರು ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಿದ್ದರು.

"ಸೋಲಾಪುರದ ಹುಡುಗ ಗೆಲ್ತಾನ. ಇದ್ರಾಗ ಶಕ್ ಇಲ್ಲ. ಆದ್ರ ಮುದುಕ ಮೊದಲನೇ ಸೆಟ್ ತಗೊಂಡ ಅಂದ್ರ ಮುಕದ್ದಮಾನೇ ಬ್ಯಾರೆ ಆಗ್ತದ. ಮತ್ತ ಗಾಳಿ ಪಡುವಣಕ್ಕ ತಿರುಗಿತು ಅಂದ್ರ, ಅದೂ ಬ್ಯಾರೆ. ಮೋಡ ಕವೀತು ಅಂದ್ರ ಏನೂ ಹೇಳಾಕ ಬರಂಗಿಲ್ಲ."

ಕೇಳಿದವರು ತಲೆದೂಗಿ ಹೋಗಿ, ತಮಗೆ ತಿಳಿದಂತೆ ಶರ್ತು ಕಟ್ಟುತ್ತಿದ್ದರು. ಭಾನುವಾರ ಸಂಜೆ ಯಾರು ಗೆದ್ದರೂ ಮಾವನವರು, "ನಾ ಹೇಳಿದ್ದಿಲ್ಲೇನು?" ಅನ್ನುತ್ತಿದ್ದರು. ಹೇಳಿದ್ದು ನಿಜವೇ. ಅವರು ಎಲ್ಲವನ್ನೂ ಹೇಳಿರುತ್ತಿದ್ದರು. ಸೋತವರು ತಮ್ಮ ಕಿವಿಯನ್ನೇ ದೂರುತ್ತಿದ್ದರು: ವಕೀಲಸಾಹೇಬರು 'ಆದ್ರ' ಅಂದಾಗ ನಾವು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅಂತ. ಮಾವನವರ ಕೀರ್ತಿ ದೂರದ ಮಂಠಾಳದವರೆಗೂ ಹಬ್ಬಿತು.

ಅತ್ತೆಯವರು ಮಾತ್ರ ಅಡುಗೆಮನೆಯಲ್ಲಿ ಬೇಳೆ ಹಸನು ಮಾಡುತ್ತ ಹೇಳಿದ್ದರು: "ನನ್ನ ಮದಿವಿಯಾದ ವರ್ಷಾನೂ ಹಿಂಗೇ ಅಂದಿದ್ರು. ಈ ಸಲ ಮಳಿ ಚಲೋ ಆಗ್ತದ, ಇಲ್ಲಾಂದ್ರ ಆಗಂಗಿಲ್ಲ ಅಂತ."

ನಾನು ಕಲ್ಯಾಣಿಯವಳಾದ್ದರಿಂದ ಮಾವನವರಿಗೆ ನನ್ನಿಂದ ಬಹಳ ಉಪಯೋಗವಿತ್ತು. ಕಲ್ಯಾಣಿಯ ಮಾರ್ಕರನ ಮನೆ ನಮ್ಮ ತವರಿನ ಓಣಿಯಲ್ಲೇ ಇತ್ತು. ನಾನು ಅವನನ್ನು ಕಂಡದ್ದು ಅವನು ನಿಂಬೆಹಣ್ಣು ಕೊಳ್ಳುವಾಗ, ಅಷ್ಟೇ.

"ಮಗಳ, ಆ ಮುದುಕನ ಮೊಣಕಾಲು ಹ್ಯಾಂಗವ?" ಎಂದು ಒಮ್ಮೆ ಕೇಳಿದರು.

"ಚಲೋ ಅವರಿ ಮಾವಾರ. ನಡಿಯೋದು ಚಲೋ ನಡೀತಾನ."

ಮಾವನವರು ಮುಗುಳ್ನಕ್ಕು ಕಟ್ಟೆಗೆ ಹೋಗಿ, ಗವಾಹಿ, ಅಂದರೆ ಸಾಕ್ಷಿ, ಹೇಳುವವರು ಎದುರು ಪಕ್ಷದ ಊರಿನವರು, ಚಲೋ ಅವ ಅಂದರೆ ಕೆಟ್ಟಾವ ಅಂತ ತಿಳಿಯಬೇಕು ಎಂದು ಹೇಳಿದರು. ಮುಂದಿನ ತಿಂಗಳು ಕೇಳಿದಾಗ ನನಗೆ ಗೊತ್ತಿಲ್ಲ ಅಂದೆ. ಅವತ್ತು ಕಟ್ಟೆಯ ಮೇಲೆ, ಕಲ್ಯಾಣಿಯ ಕಡೆಯವರು ಏನೋ ಮುಚ್ಚಿಡಾಕತ್ತಾರ ಎಂದು ಸುದ್ದಿಯಾಯಿತು. ನಾನು ಬಾಯಿ ತೆರೆದರೂ ಅವರ ಪರ, ಮುಚ್ಚಿದರೂ ಅವರ ಪರ. ಅವರ ಮೂವತ್ತು ವರ್ಷದ ವಕಾಲತ್ತು ಹೇಗೆ ನಡೆದಿರಬೇಕು ಎಂದು ನನಗೆ ಆಗ ತಿಳಿಯಿತು.

ನಲವತ್ತೊಂಬತ್ತರ ಆಷಾಢದಲ್ಲಿ ನಮ್ಮ ಅಪ್ಪ ಹುಮನಾಬಾದಿಗೆ ಬಂದರು. ಕಲ್ಯಾಣಿಯಲ್ಲಿ ಅವರದು ಸೀರೆ ಅಂಗಡಿ. ಮಾವಿನಹಣ್ಣಿನ ಬುಟ್ಟಿ ಕೆಳಗಿಟ್ಟು, ಕೈಕಾಲು ತೊಳೆದುಕೊಂಡು, ಈ ಸಲ ಮಗಳನ್ನು ಪಂಚಮಿಗೆ ಕಳಿಸಬೇಕು ಎಂದು ಬೀಗರನ್ನು ಕೇಳಿಕೊಂಡರು. ಮಾವನವರು ಇಲ್ಲ ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ. ಮನೆಯಲ್ಲಿ ಕೆಲಸ ಬಹಳ ಅದ, ಮಗನಿಗೆ ಸಾಲಿಯಾಗ ಹೊಸದಾಗಿ ಕನ್ನಡದಾಗ ಪಾಠ ಹೇಳಬೇಕಾಗೇದ, ಅವನ ಊಟದ್ದು ನೋಡಬೇಕು ಎಂದರು. ನನ್ನ ಗಂಡ ಉರ್ದುವಿನಲ್ಲಿ ಓದಿ, ಉರ್ದುವಿನಲ್ಲಿ ಪಾಠ ಹೇಳಿದ ಮೇಷ್ಟ್ರು. ಈಗ ಬೆಳಿಗ್ಗೆ ಕನ್ನಡ ಪಾಠವನ್ನು ತಾವು ಕಲಿತು ಮಧ್ಯಾಹ್ನ ಮಕ್ಕಳಿಗೆ ಕಲಿಸುತ್ತಿದ್ದರು. ಇದಕ್ಕೂ ನನ್ನ ಪಂಚಮಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ.

ನಾನು ಚಹಾ ತೆಗೆದುಕೊಂಡು ಬಾಗಿಲ ಹಿಂದೆ ನಿಂತಿದ್ದೆ. ಒಳಗೆ ಹೋಗುವಷ್ಟರಲ್ಲಿ ಮಾತು ಮಾರ್ಕರರ ಕಡೆ ಹೊರಳಿತ್ತು.

"ನಮ್ಮ ಮುದುಕನ ಮುಂದ ನಿಮ್ಮ ಹುಡುಗ ಏನ್ ಆಡ್ತಾನ್ರಿ ಬೀಗರ," ಅಂದರು ಅಪ್ಪ. ಅಪ್ಪನಿಗೆ ಟೆನಿಸ್ ಬಗ್ಗೆ ಇಷ್ಟು ಅಭಿಮಾನವಿರುವುದು ನನಗೆ ಮದುವೆಗೆ ಮುಂಚೆ ಗೊತ್ತಿರಲಿಲ್ಲ. "ಆವ ಬರೇ ಜೋರ ಹೊಡೀತಾನ."

"ಜೋರ ಹೊಡಿಯೋದೇ ಆಟ, ಬೀಗರ. ಆದ್ರ—"

ಬೇಳೆ ವ್ಯಾಪಾರಿ ಅಲ್ಲೇ ಕೂತಿದ್ದರು. "ವಕೀಲಸಾಹೇಬ್ರ, ಬೀಗರ ಮುಂದ ಈ ಆದ್ರ, ಮತ್ತ ನಡಿಯಂಗಿಲ್ಲ. ಒಂದೇ ಮಾತ ಹೇಳ್ರಿ. ಯಾರ ಗೆಲ್ತಾರ?"

ಮಾವನವರು ಸೂರು ನೋಡಿದರು, ಬುಟ್ಟಿ ನೋಡಿದರು. ಬೇರೆಯವರ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವ ರೈತನ ಮುಖ ಹೇಗಿರುತ್ತದೆಯೋ ಹಾಗಿತ್ತು ಅವರ ಮುಖ.

"ಸೋಲಾಪುರದಾವ," ಅಂದರು ಕೊನೆಗೆ.

"ಶರ್ತು?" ಅಂದರು ಅಪ್ಪ.

ಅಲ್ಲಿ ಒಂದು ರುಮಾಲು ಇತ್ತು, ಒಂದು ಬುಟ್ಟಿ ಮಾವು ಇತ್ತು, ಎರಡು ಛತ್ರಿ ಇದ್ದವು. ಆದರೆ ಇಬ್ಬರು ಮರ್ಯಾದಸ್ಥ ಬೀಗರು ಅಷ್ಟು ಸಣ್ಣ ವಸ್ತುಗಳಿಗೆ ಕೈ ಹಾಕಲಿಲ್ಲ. ಕಲ್ಯಾಣಿಯವನು ಗೆದ್ದರೆ ನನ್ನನ್ನು ಇಡೀ ಶ್ರಾವಣ ತವರಿಗೆ ಕಳಿಸುವುದು, ಹುಮನಾಬಾದಿನವನು ಗೆದ್ದರೆ ಮುಂದಿನ ವರ್ಷದವರೆಗೆ ಕರೆಯುವ ಮಾತಿಲ್ಲ ಎಂದು ತೀರ್ಮಾನಿಸಿದರು. ಇಬ್ಬರೂ ಸಂತೋಷದಿಂದ ಕೈ ಕೂಡಿಸಿದರು. ನನ್ನ ಕೈಯಲ್ಲಿ ಚಹಾದ ಮೇಲೆ ಕೆನೆ ಕಟ್ಟಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳುವುದೇನು, ಹೋತವನ್ನೂ ಯಾರೂ ಕೇಳಿರಲಿಲ್ಲ.

ಅಡುಗೆಮನೆಗೆ ಬಂದು ಕಣ್ಣೀರು ಹಾಕಿದೆ. ಅತ್ತೆಯವರು ಮೊರ ಕೆಳಗಿಡದೆ ನನ್ನ ಕಡೆ ನೋಡಿದರು.

"ಅಳಬ್ಯಾಡ. ಇನ್ನೂ ಆಡೇ ಇಲ್ಲ."

"ನಿಮಗ ಯಾವತ್ತೂ ಹಿಂಗ ಮಾಡಿದ್ರೇನ್ರಿ ಅತ್ಯಾ?"

"ಇಲ್ಲವಾ. ನನ್ನ ಯಾವ ಆಟಕ್ಕೂ ಹಚ್ಚಿಲ್ಲ. ಸುಮ್ನೇ ಕಳಿಸ್ಲಿಲ್ಲ."

ಅವರ ತವರು ನಿರ್ಣಾ. ಮೊದಲ ಎರಡು ವರ್ಷ ಕಳಿಸಿದ್ದರಂತೆ. ಆಮೇಲೆ ಮಕ್ಕಳು, ಕಕ್ಷಿಗಾರರ ಊಟ, ಬಂದವರು ಹೋದವರು. ಅಷ್ಟರಲ್ಲಿ ಅಪ್ಪ ಅವ್ವ ತೀರಿಕೊಂಡರು; ಅಣ್ಣ ಮನೆ ಮಾರಿ ಲಾತೂರಿನ ಕಡೆ ಹೋದ. ಕರೆಯುವವರೇ ಇಲ್ಲದ ಮೇಲೆ ಕಳಿಸುವವರ ತಪ್ಪೂ ಉಳಿಯಲಿಲ್ಲ. ಇಷ್ಟನ್ನು ಅವರು ಬೇಳೆಯಲ್ಲಿನ ಕಲ್ಲು ಆರಿಸುವ ದನಿಯಲ್ಲೇ ಹೇಳಿದರು.

ಪಂದ್ಯ ಕಲ್ಯಾಣಿಯಲ್ಲಿತ್ತು. ಹೊರಡುವ ದಿನ ಬೆಳಿಗ್ಗೆ ಅತ್ತೆಯವರು ಸೀರೆ ಬದಲಿಸಿ, ನನಗೂ ಬದಲಿಸಲು ಹೇಳಿ, ಕಟ್ಟೆಗೆ ಬಂದು ನಿಂತರು.

"ನೀವೆಲ್ಲಿ?" ಅಂದರು ಮಾವನವರು.

"ಶರ್ತಿಗೆ ಹಚ್ಚಿದ ಮಾಲು ಜಾಗಾದ ಮ್ಯಾಲ ಹಾಜರ ಇರಬೇಕಲ್ಲೇನ್ರಿ? ಕಚೇರ್ಯಾಗ ಹಂಗೇ ಅಲ್ಲೇನು?"

ಇದಕ್ಕೆ ವಿರುದ್ಧವಾದ ಕಾನೂನು ಮಾವನವರಿಗೆ ಆ ಗಳಿಗೆಯಲ್ಲಿ ಸಿಗಲಿಲ್ಲ. ನನ್ನ ಗಂಡ, ಬೇಳೆ ವ್ಯಾಪಾರಿ ಸೇರಿ ಎಲ್ಲರೂ ಕಲ್ಯಾಣಿಯ ಮೋಟಾರು ಹತ್ತಿದೆವು. ಮಳೆ ಬಿಡುವು ಕೊಟ್ಟಿತ್ತು. ದಾರಿಯ ಎರಡೂ ಕಡೆ ತೊಗರಿ, ಜೋಳ ಮೊಳಕಾಲುದ್ದ ಎದ್ದಿತ್ತು. ಮೋಟಾರಿನ ಮುಂದಿನ ಸೀಟಿನಲ್ಲಿ ಸೋಲಾಪುರದ ಹುಡುಗ ಬಿಳಿ ಬೂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನ ಹಿಂದೆ ಮಾವನವರು ಕೂತು ದಾರಿಯುದ್ದಕ್ಕೂ ಅವನಿಗೆ ಟೆನಿಸ್ ಆಡುವುದು ಹೇಗೆ ಎಂದು ಹೇಳಿದರು. ಪಾಪ, ಅವನು ಎಲ್ಲದಕ್ಕೂ ಹೂಂಗುಟ್ಟಿದ. ಅದೂ ಸಂಬಳದಲ್ಲೇ ಸೇರಿರಬೇಕು.

ಕ್ಲಬ್ಬಿನೊಳಗೆ ಕುರ್ಚಿಯಲ್ಲಿ ಕೂಡುವುದು ಅಧಿಕಾರಿಗಳ ಹೆಂಡಂದಿರಿಗೆ ಮಾತ್ರ. ಪಕ್ಕದಲ್ಲೇ ನನ್ನ ಸಾಲೆಯ ಗೆಳತಿಯ ತಾಯಿಯ ಹಳೆಯ ಮನೆ ಇತ್ತು. ಅವರನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. ಖಾಲಾ ನಮ್ಮನ್ನು ಮಾಳಿಗೆಗೆ ಕರೆದೊಯ್ದು ಚಾಪೆ ಹಾಸಿ, ಚಹಾ ಕೊಟ್ಟರು. ವಿಷಯ ಕೇಳಿ ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿದರು. ಆಮೇಲೆ ಕೆಳಗೆ ಬೇಲಿಗೆ ಜೋತುಬಿದ್ದ ಗಂಡಸರ ಗುಂಪು ನೋಡುತ್ತ, "ರಾಜ್ಯ ಹೋತು, ರಾಜ್ಯ ಬಂತು. ಇವ್ರು ಶರ್ತು ಕಟ್ಟೋದು ಬಿಡ್ಲಿಲ್ಲ ನೋಡ್ ಬೇಟಿ," ಅಂದರು.

ನಾನು ಟೆನಿಸ್ ಸರಿಯಾಗಿ ನೋಡಿದ್ದು ಅದೇ ಮೊದಲು. ಸೋಲಾಪುರದವನು ಚೆಂಡನ್ನು ಹೊಡೆದರೆ ಬಂದೂಕಿನ ಸಪ್ಪಳ. ನಮ್ಮ ಓಣಿಯ ಮುದುಕನದು ಸಪ್ಪಳವೇ ಇಲ್ಲ. ಬ್ಯಾಟಿನಿಂದ ಚೆಂಡನ್ನು ಸವರಿದಂತೆ ಮಾಡಿದರೆ ಅದು ಬಲೆ ದಾಟಿ ಅಲ್ಲೇ ಸತ್ತು ಬೀಳುತ್ತಿತ್ತು. ಹುಡುಗ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಓಡಿ ಬೆವತ. ಮೊದಲ ಸೆಟ್ ಮುದುಕನದಾಯಿತು. ಕೆಳಗೆ ಅಪ್ಪ ಛತ್ರಿ ಬಿಚ್ಚಿ ಮುಚ್ಚಿದರು. ಮಾವನವರು ಬೇಳೆ ವ್ಯಾಪಾರಿಯ ಕಡೆ ಬಾಗಿ ಏನೋ ಹೇಳಲು ಹೋದರು. ವ್ಯಾಪಾರಿ ಒಂದು ಬೆರಳು ಎತ್ತಿ ತೋರಿಸಿದರು. ಒಂದೇ ಮಾತು.

ಎರಡನೆಯ ಸೆಟ್ ಹುಡುಗನದು. ಮೂರನೆಯದರಲ್ಲಿ ಇಬ್ಬರೂ ಸರಿಸಮ ಬಂದರು. ನಾನು ಮಾಳಿಗೆಯ ಕಟ್ಟೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಗೆಲ್ಲ ಸುಣ್ಣ ಮೆತ್ತಿತ್ತು. ಒಂದೊಂದು ಚೆಂಡಿಗೂ ಅವ್ವನ ಕೈಯ ಶೇಂಗಾ ಉಂಡೆ, ಹಿತ್ತಲಿನ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ, ನನ್ನ ತಂಗಿಯ ಮುಖ, ಒಮ್ಮೆ ಹತ್ತಿರ ಬರುತ್ತಿದ್ದವು, ಒಮ್ಮೆ ದೂರ ಹೋಗುತ್ತಿದ್ದವು. ಬಲೆಯ ಆಚೆ ಈಚೆ ಹಾರುತ್ತಿದ್ದ ಆ ಬಿಳಿಯ ವಸ್ತುವನ್ನು ನಾನು ನನ್ನದೆಂದೇ ತಿಳಿದಿದ್ದೆ. ಮುದುಕ ಆಟದ ನಡುವೆ ತೊಡೆಯ ಮೇಲೆ ಕೈಯೂರಿ ಬಾಗಿ ಉಸಿರು ತೆಗೆದುಕೊಳ್ಳುತ್ತಿದ್ದ. ಕೊನೆಯ ಚೆಂಡನ್ನು ಅವನು ಎಂದಿನಂತೆ ಮೆಲ್ಲಗೆ ಸವರಿದ. ಅದು ಬಲೆಯ ಮೇಲಿನ ಪಟ್ಟಿಗೆ ತಾಗಿ, ಸ್ವಲ್ಪ ಹೊತ್ತು ಯೋಚನೆ ಮಾಡಿದಂತೆ ಮಾಡಿ, ಅವನ ಕಡೆಗೇ ಬಿತ್ತು.

ಹುಮನಾಬಾದು ಗೆದ್ದಿತು. ಮುದುಕ ಹುಡುಗನ ಕೈ ಕುಲುಕಿ, ಮೆಟ್ಟಿಲ ಮೇಲೆ ಕೂತು ಕಾಲು ತೊಳೆದುಕೊಂಡ. ನಾನು ಚಾಪೆಯ ಮೇಲೆ ಕೂತೆ. ಖಾಲಾ ನನ್ನ ತಲೆಯ ಮೇಲೆ ಕೈಯಿಟ್ಟರು. ಅತ್ತೆಯವರು ಇನ್ನೊಂದು ಲೋಟ ಚಹಾ ಕೇಳಿ ಕುಡಿದರು.

ಮಾವನವರ ಪರಿಸ್ಥಿತಿ ನೋಡುವಂತಿತ್ತು. ಜೀವನದಲ್ಲಿ ಮೊದಲ ಬಾರಿ ಒಂದೇ ಮಾತು ಹೇಳಿ, ಅದೇ ಆಗಿತ್ತು. ಇದು ಅವರಿಗೆ ಅಭ್ಯಾಸವಿರಲಿಲ್ಲ. "ನಾ ಹೇಳಿದ್ದಿಲ್ಲೇನು?" ಎಂದರೆ ಎಲ್ಲರೂ, "ಹೌದ್ರಿ, ಹೇಳಿದ್ರಿ," ಎಂದು ಸುಮ್ಮನಾದರು. ವಾದಿಸಲು ಯಾರೂ ಸಿಗಲಿಲ್ಲ. ಗೆದ್ದ ಮುಖದಲ್ಲಿ ಒಂದು ತರಹದ ನಿರಾಶೆಯೂ ಇತ್ತು.

ಎಲ್ಲರೂ ನಮ್ಮ ತವರಿಗೆ ಬಂದೆವು. ಅವ್ವ ಉಪ್ಪಿಟ್ಟು ಮಾಡಿದ್ದಳು. ಅಪ್ಪ ಯಾರ ಮುಖವನ್ನೂ ನೋಡದೆ ತಿಂದರು. ಹೊತ್ತು ಇಳಿಯುವ ಮೊದಲೇ ಹುಮನಾಬಾದಿಗೆ ಹೋಗುವ ಮೋಟಾರಿತ್ತು. ಮಾವನವರು ಶೇರವಾನಿಯ ಗುಂಡಿ ಹಾಕುತ್ತ ಎದ್ದರು.

"ಏಳ್ರಿ, ಮೋಟಾರ ಹೋಗ್ತದ."

ಅತ್ತೆಯವರು ಏಳಲಿಲ್ಲ. "ನೀವು ಗೆದ್ರಿ. ಚಲೋ ಆತು. ಹೋಗಿ ಬರ್ರಿ," ಅಂದರು.

"ಅಂದ್ರ?"

"ಅಂದ್ರ ನಾ ಬರಂಗಿಲ್ಲ. ಶ್ರಾವಣ ಮುಗಿಸ್ಕೊಂಡು ಬರ್ತೇನಿ."

"ನೀವಾ? ಶರ್ತು ಸೊಸೀದಿತ್ತು."

"ಹೌದ್ರಿ. ಸೊಸಿ ತವರಿಗಿ ಹೋಗಬಾರ್ದು, ಅತ್ತೀ ಕಡಿ ಇರಬೇಕು ಅಂತ ಫೈಸಲಾ ಆಗೇದ. ನಾ ಇಲ್ಲಿದ್ದೇನಿ. ಹಂಗಾಗಿ ಆಕೀನೂ ಇಲ್ಲೇ ಇರ್ತಾಳ. ನಿಮ್ಮ ಮಾತ ಮೀರಿಲ್ಲ."

"ಇದು ಯಾವ ಕಾನೂನು?"

"ಸೊಸೀನ ಚೆಂಡಾಟಕ್ಕ ಹಚ್ಚಿದ ಕಾನೂನು ಯಾವುದದ, ಅದೇ."

ಬೀಗಿತಿಯೊಬ್ಬರು ಸೊಸೆಯ ತವರಿನಲ್ಲಿ ಬಂದು ಒಂದು ತಿಂಗಳು ಕೂಡುವುದನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಅಪ್ಪನಿಗೆ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಮಾವನವರು ಸಹಾಯಕ್ಕಾಗಿ ಬೇಳೆ ವ್ಯಾಪಾರಿಯ ಕಡೆ ನೋಡಿದರು. ಅವರು ಉಪ್ಪಿಟ್ಟಿನಲ್ಲಿ ಏನನ್ನೋ ಹುಡುಕತೊಡಗಿದ್ದರು. ನನ್ನ ಗಂಡ ಬಾಗಿಲ ಹತ್ತಿರ ನಿಂತು ನನ್ನನ್ನು ನೋಡಿದರು. ಅವರ ಮುಖದಲ್ಲಿ ನಗೆ ಇತ್ತು. ಮದುವೆಯಾಗಿ ಒಂದೂವರೆ ವರ್ಷದಲ್ಲಿ ನನಗೆ ಅವರು ಪೂರ್ತಿ ಇಷ್ಟವಾದದ್ದು ಆಗ.

"ಅಡಿಗಿ?" ಅಂದರು ಮಾವನವರು ಕಡೆಯ ಅಸ್ತ್ರವಾಗಿ.

"ಮಾಡ್ಕೋರಿ. ಆದ್ರ ಒಲಿ ಹೊತ್ತಿತು ಅಂದ್ರ. ಮತ್ತ ಕಟ್ಟಿಗಿ ಹಸಿ ಇತ್ತು ಅಂದ್ರ, ಅದು ಬ್ಯಾರೆ."

ಅವ್ವ ಒಳಗೆ ಹೋಗಿ ಬೀಗಿತಿಗೆ ಹಾಸಿಗೆ ಬಿಚ್ಚುತ್ತಿದ್ದ ಸಪ್ಪಳ ಕೇಳಿಸಿತು. ಪಂದ್ಯ ಗೆದ್ದ ಮಾವನವರು ಮಗನೊಂದಿಗೆ ಮೋಟಾರು ಹತ್ತಿದರು.

ಅತ್ತೆಯವರು ಉಟ್ಟ ಬಟ್ಟೆಯಲ್ಲೇ ಬಂದಿದ್ದರು. ಅಪ್ಪ ಅಂಗಡಿಯಿಂದ ಎರಡು ಇಳಕಲ್ ಸೀರೆ ತಂದುಕೊಟ್ಟರು, ನಿಮ್ಮ ತವರಿಂದ ಅಂತ ತಿಳ್ಕೋರಿ ಎಂದು. ಅತ್ತೆಯವರು ಸೀರೆ ಮಡಿಲಿಗೆ ಹಾಕಿಕೊಂಡು ಬಹಳ ಹೊತ್ತು ಸೆರಗಿನ ಕೆಂಪು ನೇವರಿಸುತ್ತ ಕೂತರು. ಪಂಚಮಿಯ ದಿನ ಹಿತ್ತಲಿನಲ್ಲಿ ಜೋಕಾಲಿ ಕಟ್ಟಿದಾಗ, ಮೊದಲು ಒಲ್ಲೆ ಒಲ್ಲೆ ಅಂದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಹತ್ತಿ ನಿಂತರು. ನಾನೂ ತಂಗಿಯೂ ನೂಕಿದೆವು. ತಲೆಗೂದಲು ಅರ್ಧ ಬೆಳ್ಳಗಾದ ಆ ಹೆಂಗಸು ಬೇವಿನ ಟೊಂಗೆಯ ಎತ್ತರಕ್ಕೆ ಹೋಗಿ, "ಇನ್ನೂ ಜೋರ ನೂಕ್ರಿ," ಅಂದದ್ದು ಇಡೀ ಓಣಿಗೆ ಕೇಳಿಸಿತು.

ಒಂದು ದಿನ ಓಣಿಯಲ್ಲಿ ಮಾರ್ಕರ್ ಸಿಕ್ಕ. ಅತ್ತೆಯವರೇ ಮಾತಾಡಿಸಿದರು.

"ಅವತ್ತು ನಿಮ್ಮ ಮೊಣಕಾಲು ಕೈಕೊಟ್ಟವೇನಪಾ?"

"ಇಲ್ರಿ ಅವ್ವಾರ," ಅಂದ ಅವನು. "ಮೊಣಕಾಲಿಗಿ ಏನೂ ಆಗಿಲ್ರಿ. ಹುಡುಗ ಚಲೋ ಆಡಿದ."

ನಮ್ಮ ಕಟ್ಟೆಯ ಮೇಲೆ ಅಷ್ಟು ತಿಂಗಳು ನಡೆದ ಚರ್ಚೆಯಲ್ಲಿ ಈ ಸಾಧ್ಯತೆಯನ್ನು ಮಾತ್ರ ಯಾರೂ ಎತ್ತಿರಲಿಲ್ಲ.

ಶ್ರಾವಣ ಮುಗಿದ ಮೇಲೆ ಮಾವನವರು ತಾವೇ ಕರೆಯಲು ಬಂದರು. ಸ್ವಲ್ಪ ಇಳಿದಿದ್ದರು. ಬೇಳೆ ವ್ಯಾಪಾರಿಯ ಮನೆಯಲ್ಲಿ ಒಂದಿಷ್ಟು ದಿನ, ಖಾನಾವಳಿಯಲ್ಲಿ ಒಂದಿಷ್ಟು ದಿನ ಊಟ ಮಾಡಿದ್ದರಂತೆ. ಖಾನಾವಳಿಗೆ ಹೋದಾಗಲೆಲ್ಲ ಯಾರಾದರೂ, ವಕೀಲಸಾಹೇಬ್ರು ಗೆದ್ದು ಬಂದಾರ, ನೋಡ್ಕೊಂಡು ಬಡಸ್ರಿ ಅನ್ನುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ನನ್ನ ಗಂಡ. ಮಾವನವರು ಅಂಥ ವಿಷಯ ಹೇಳುವವರಲ್ಲ. ಅವರು ಜಗಲಿಯ ಮೇಲೆ ಕೂತು ಅತ್ತೆಯವರನ್ನು, "ಹ್ಯಾಂಗಿದ್ದೀರಿ?" ಎಂದು ಕೇಳಿದರು. ಹೆಂಡತಿಯನ್ನು ಅವರು ಹಾಗೆ ಕೇಳಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮುಂದಿನ ತಿಂಗಳಿಂದ ಕಟ್ಟೆಯ ಮೇಲೆ ಗಾಳಿ, ಮೋಡ, 'ಆದ್ರ', 'ಮತ್ತ' ಎಲ್ಲ ವಾಪಸು ಬಂದವು. ಒಂದೇ ಮಾತು ಹೇಳಿರಿ ಎಂದು ಯಾರಾದರೂ ಹಟ ಹಿಡಿದರೆ ಮಾವನವರು ಅಡುಗೆಮನೆಯ ಕಡೆ ಒಮ್ಮೆ ನೋಡಿ, ಇಲ್ಲಪಾ, ಅದು ನ್ಯಾಯ ಅಲ್ಲ ಅನ್ನುತ್ತಿದ್ದರು. ಬಹಳ ದಿನ ಅದೂ ನಡೆಯಲಿಲ್ಲ. ಐವತ್ತರಲ್ಲಿ ತಹಸೀಲ್ದಾರರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರಿಗೆ ಇಸ್ಪೀಟು ಇಷ್ಟ. ಸೋಲಾಪುರದ ಹುಡುಗ ಬೂಟು ಕಟ್ಟಿಕೊಂಡು ಊರಿಗೆ ಹೋದ. ಮುರುಮಿನ ಅಂಗಳದಲ್ಲಿ ಸಾಹೇಬರ ಮನೆಯ ಮೆಣಸಿನಕಾಯಿ ಒಣಗತೊಡಗಿತು. ಕಲ್ಯಾಣಿಯ ಮುದುಕ ಮಾತ್ರ ಇನ್ನೂ ಕೆಲವು ವರ್ಷ ಅಲ್ಲಿನ ಡಾಕ್ಟರರಿಗೆ ಸೋಲುತ್ತ ಇದ್ದ.

ಆ ವರ್ಷದ ಶ್ರಾವಣಕ್ಕೆ ಅಪ್ಪನ ಬದಲು ನನ್ನ ಅಣ್ಣ ಕರೆಯಲು ಬಂದಾಗ ಅವನು ನನ್ನನ್ನೂ ಅತ್ತೆಯವರನ್ನೂ ಕರೆದ. ಮಾವನವರು ತಾವೇ ಮೋಟಾರು ಅಡ್ಡೆಗೆ ಬಂದು, ಕಿಟಕಿ ಪಕ್ಕದ ಎರಡು ಜಾಗ ಹಿಡಿದುಕೊಟ್ಟು, ನೀರಿನ ತಂಬಿಗೆ ಒಳಗೆ ಕೊಟ್ಟರು.

"ಯಾವಾಗ ಬರ್ತೀರಿ?" ಎಂದು ಕಿಟಕಿಯ ಹೊರಗಿನಿಂದ ಕೇಳಿದರು.

"ನೋಡೋಣ್ರಿ," ಅಂದರು ಅತ್ತೆಯವರು.

ಮೋಟಾರು ಹೊರಟಿತು. ಮಾವನವರು ಧೂಳಿನಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಖಾನಾವಳಿಯ ದಾರಿ ಹಿಡಿದರು.